ಹಾಡುಹಗಲ ಕಳವು: ತೆರುವವರು ಯಾರು?

ಇಂಗ್ಲಂಡಿನ ಕೆಲವು ದೊಡ್ಡ ಅಂಗಡಿಗಳಲ್ಲಿ ಬೆಣ್ಣೆಯ ಡಬ್ಬಿಗೆ, ಮಾಂಸದ ಪೊಟ್ಟಣಕ್ಕೆ, ಕಡೆಗೆ ಹಸುಗೂಸಿನ ಹಾಲುಪುಡಿಗೂ ಒಂದು ಬಿಲ್ಲೆ ಕಟ್ಟಿಡುತ್ತಾರೆ. ಹಣ ತೆರದೆ ಬಾಗಿಲು ದಾಟಿದರೆ ಆ ಬಿಲ್ಲೆ ಕೂಗಿಕೊಳ್ಳುತ್ತದೆ. ನಮ್ಮ ಹತ್ತಿಯನ್ನು ಹಡಗುಗಟ್ಟಲೆ ಹೊತ್ತೊಯ್ದು, ಬಟ್ಟೆ ನೇಯ್ದು, ತಿರುಗಿ ನಮಗೇ ಮಾರಿದವರ ದೇಶದಲ್ಲಿ ಈಗ ಬೆಣ್ಣೆಗೆ ಕಾವಲು! ಕೇಳಿದವರಿಗೆ ನಗು ಬಂದರೆ ತಪ್ಪಲ್ಲ. ಆದರೆ ಆ ಕಾವಲಿನ ಹಿಂದಿರುವ ಕತೆ ನಮ್ಮ ಊರಿನ ಕೂಲಿಕಾರನಿಗೂ ಚಿಲ್ಲರೆ ವ್ಯಾಪಾರಿಗೂ ಸಂಬಂಧಪಟ್ಟದ್ದೇ ಆಗಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

2024ನೆಯ ಇಸವಿಯಲ್ಲಿ ಇಂಗ್ಲಂಡ್ ಮತ್ತು ವೇಲ್ಸ್ ಪೋಲೀಸರು ದಾಖಲು ಮಾಡಿಕೊಂಡ ಅಂಗಡಿ ಕಳವುಗಳು 5 ಲಕ್ಷ 16 ಸಾವಿರಕ್ಕೂ ಮೇಲೆ. ಹಿಂದಿನ ವರ್ಷಕ್ಕಿಂತ ಶೇಕಡಾ 20ರಷ್ಟು ಹೆಚ್ಚು. ಅಂಗಡಿ ಧಣಿಗಳ ಸಂಘವಾದ ಬ್ರಿಟಿಷ್ ರೀಟೇಲ್ ಕನ್ಸಾರ್ಷಿಯಂ 2025ರ ಪ್ರಾರಂಭದಲ್ಲಿ ಪ್ರಕಟಿಸಿದ ವರದಿಯನ್ನು ನಂಬುವುದಾದರೆ, ಒಂದು ವರ್ಷದಲ್ಲಿ ನಡೆದ ಕಳವುಗಳು 2 ಕೋಟಿಗೂ ಹೆಚ್ಚು. ಹೋದ ಮಾಲು 220 ಕೋಟಿ ಪೌಂಡಿನದು. ಧಣಿಗಳ ಲೆಕ್ಕವನ್ನು ಜರಡಿ ಹಿಡಿದೇ ನೋಡಬೇಕೆಂಬುದು ನಿಜ. ಹಾಗೆ ಹಿಡಿದು ನೋಡಿದರೂ ಒಂದು ಮಾತು ಉಳಿಯುತ್ತದೆ. ನಡೆದದ್ದರಲ್ಲಿ ಪೋಲೀಸರ ಪುಸ್ತಕಕ್ಕೆ ಏರುವುದು ಎಲ್ಲೋ ಸ್ವಲ್ಪ ಪಾಲು ಮಾತ್ರ.

ಏಕೆ ಏರುವುದಿಲ್ಲ? ಏರಿಸಿ ಪ್ರಯೋಜನವಿಲ್ಲವೆಂದು ಅಂಗಡಿಯವರು ತಿಳಿದಿದ್ದಾರೆ. 2014ರಲ್ಲಿ ಅಲ್ಲಿನ ಸರಕಾರ ಒಂದು ಕಾಯಿದೆ ಮಾಡಿತು. 200 ಪೌಂಡಿನೊಳಗಿನ, ಅಂದರೆ ನಮ್ಮ ಲೆಕ್ಕಕ್ಕೆ 20,000 ರೂಪಾಯಿಗೂ ಮೇಲ್ಪಟ್ಟ ಬೆಲೆಯವರೆಗಿನ ಅಂಗಡಿ ಕಳವನ್ನು ಕೆಳಗಿನ ಕೋರ್ಟಿನಲ್ಲಿಯೇ ಚುಟುಕಾಗಿ ತೀರಿಸಿಬಿಡಬೇಕೆಂದಿತು. ಕಳವು ಅಪರಾಧವಲ್ಲವೆಂದು ಆ ಕಾಯಿದೆ ಎಲ್ಲಿಯೂ ಹೇಳಲಿಲ್ಲ. ಆದರೆ 200 ಪೌಂಡಿನೊಳಗಾದರೆ ಪೋಲೀಸರು ಬರುವುದಿಲ್ಲವೆಂಬ ಮಾತು ಜನರ ಬಾಯಲ್ಲಿ ನಿಂತುಹೋಯಿತು. ಅಂದಿನಿಂದ ಚೀಲ ಬಿಚ್ಚಿ, ಕಪಾಟಿನ ಮಾಲನ್ನು ತೋಳಿನಿಂದ ಬಾಚಿ ತುಂಬಿಕೊಂಡು, ಅವಸರವಿಲ್ಲದೆ ಬಾಗಿಲು ದಾಟಿ ಹೋಗುವವರನ್ನು ಅಲ್ಲಿನ ಜನ ಕಾಣತೊಡಗಿದ್ದಾರೆ. ಕತ್ತಲೆಯಿಲ್ಲ, ಮುಸುಕಿಲ್ಲ. ನೋಡುತ್ತ ನಿಂತವರಲ್ಲಿ ಒಬ್ಬ ಮುಖ ತಿರುಗಿಸುತ್ತಾನೆ, ಇನ್ನೊಬ್ಬ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನೆ. ಉಳಿದವರು ಸಾಲಿನಲ್ಲಿ ನಿಂತು ತಮ್ಮ ರೊಟ್ಟಿಗೆ ಹಣ ಎಣಿಸುತ್ತಾರೆ.

ಕದಿಯುವವರು ಯಾರು? ಹಸಿದವರು ಇದ್ದಾರೆ, ಇಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. 2023ರ ಮಾರ್ಚಿಯಲ್ಲಿ ಆ ದೇಶದ ಆಹಾರ ಪದಾರ್ಥಗಳ ಬೆಲೆ ಒಂದೇ ವರ್ಷದಲ್ಲಿ ಶೇಕಡಾ 19ಕ್ಕೂ ಹೆಚ್ಚು ಏರಿತ್ತು. 45 ವರ್ಷಗಳಲ್ಲಿ ಅಂಥ ಏರಿಕೆಯನ್ನು ಅಲ್ಲಿನವರು ಕಂಡಿರಲಿಲ್ಲ. ಹಾಲುಪುಡಿಯ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡ ತಾಯಿಯನ್ನು ಕಳ್ಳಿಯೆಂದು ಕರೆಯುವ ಮುಂಚೆ ನಾವು ಹತ್ತು ಸಲ ಯೋಚಿಸುವೆವು. ಆದರೆ ಚೀಲಗಟ್ಟಲೆ ಮಾಂಸ, ಸಾರಾಯಿ, ಬಟ್ಟೆ ತೊಳೆಯುವ ಪುಡಿ ಎತ್ತಿಕೊಂಡು ಹೋಗುವವನು ಮನೆಯ ಒಲೆಗಾಗಿ ಎತ್ತುವುದಿಲ್ಲ. ಅದು ಹಿಂದಿನ ಬೀದಿಯಲ್ಲಿ ಅರ್ಧ ಬೆಲೆಗೆ ಮಾರಿಹೋಗುತ್ತದೆ. ಅವನಲ್ಲಿ ಬಹುಮಂದಿ ಅಫೀಮು ವರ್ಗದ ಚಟಕ್ಕೆ ಬಿದ್ದವರು, ಕೆಲವರು ಗುಂಪು ಕಟ್ಟಿ ಕಸುಬು ಮಾಡಿಕೊಂಡವರು. ಇವರಿಬ್ಬರಲ್ಲದೆ ಮೂರನೆಯವನೊಬ್ಬನಿದ್ದಾನೆ, ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಒಳ್ಳೆಯ ಉಡುಪಿನ, ಒಳ್ಳೆಯ ಸಂಬಳದ ಗೃಹಸ್ಥ. ಗಿರಾಕಿಯೇ ಬಿಲ್ಲು ಹಾಕಿಕೊಳ್ಳುವ ಯಂತ್ರದ ಮುಂದೆ ನಿಂತು, ದುಬಾರಿ ಬೆಣ್ಣೆಹಣ್ಣನ್ನು ತೂಕಕ್ಕಿಟ್ಟು ಗಜ್ಜರಿಯೆಂದು ಗುಂಡಿ ಒತ್ತುತ್ತಾನೆ. ಇವನಿಗೆ ಬಿಲ್ಲೆಯೂ ಕೂಗುವುದಿಲ್ಲ, ಕಾವಲುಗಾರನೂ ಬೆನ್ನು ಹತ್ತುವುದಿಲ್ಲ.

ನಮ್ಮ ತರುಣ ಸಂಗಾತಿಗಳಲ್ಲಿ ಕೆಲವರು ಈ ಸುದ್ದಿಯನ್ನು ಕೇಳಿ, “ಕದಿಯಲಿ ಬಿಡಿ ಮಾಸ್ತರರೇ, ಬಂಡವಾಳಗಾರನ ಗಂಟು ತಾನೆ ಕರಗುವುದು!” ಎಂದರು. ಆ ಗಂಟು ಕರಗುವುದಾದರೆ ಈ ಲೇಖನ ಬರೆಯುವ ಅಗತ್ಯವೇ ಇರಲಿಲ್ಲ. ಕಳುವಾದ ಮಾಲಿನ ಬೆಲೆಯನ್ನು ಧಣಿ ಉಳಿದ ಮಾಲಿನ ಮೇಲೆ ಹಾಕುತ್ತಾನೆ, ಅಲ್ಲಿಯೂ ಹುಟ್ಟದಿದ್ದರೆ ಬಡವರ ಕೇರಿಯ ಅಂಗಡಿಯನ್ನು ಮುಚ್ಚಿ ಶ್ರೀಮಂತರ ಬಡಾವಣೆಯಲ್ಲಿ ತೆರೆಯುತ್ತಾನೆ. ಹಾಗೆ ಮಾಡಲು ಶಕ್ತಿಯಿಲ್ಲದವನು ಮೂಲೆಯ ಚಿಕ್ಕ ಅಂಗಡಿಯವನು. ಇಂಗ್ಲಂಡಿನ ಇಂಥ ಅಂಗಡಿಗಳಲ್ಲಿ ಎಷ್ಟೋ ನಮ್ಮ ದೇಶದಿಂದ ಹೋದ ಕುಟುಂಬಗಳು, ಗಂಡ ಹೆಂಡತಿ ಸರದಿಯ ಮೇಲೆ ಗಲ್ಲೆಯಲ್ಲಿ ಕೂತು ನಡೆಸುವಂಥವು. ಅವನ ಹತ್ತು ಡಬ್ಬಿ ಹೋದರೆ ಆ ದಿನದ ಲಾಭವೆಲ್ಲ ಹೋಯಿತು.

ಇನ್ನು ಅಂಗಡಿಯ ಕೆಲಸಗಾರ. ಮೇಲೆ ಹೇಳಿದ ವರದಿಯಲ್ಲಿ ನಮಗೆ ಬಹಳ ಕಾಡಿದ ಅಂಕಿ ಮಾಲಿನದಲ್ಲ. ದಿನವೊಂದಕ್ಕೆ 2,000ಕ್ಕೂ ಹೆಚ್ಚು ಸಲ ಅಂಗಡಿಯ ಆಳುಗಳು ಬೈಗುಳ, ಬೆದರಿಕೆ, ಹೊಡೆತಕ್ಕೆ ಗುರಿಯಾದರು. ಅದರಲ್ಲಿ ಸುಮಾರು 70 ಸಲ ಎದುರಿನವನ ಕೈಯಲ್ಲಿ ಆಯುಧವಿತ್ತು. ಕಳ್ಳನನ್ನು ತಡೆಯಬೇಡವೆಂದು ದೊಡ್ಡ ಕಂಪನಿಗಳು ಹುಕುಂ ಮಾಡಿವೆ. ಆಳಿನ ಜೀವ ಉಳಿಯಬೇಕಾದರೆ ಆ ಹುಕುಂ ಸರಿಯಾದದ್ದೇ. ಆದರೆ ಕಣ್ಣೆದುರಿಗೆ ನಡೆಯುವುದನ್ನು ದಿನವೂ ಕೈಕಟ್ಟಿ ನೋಡುತ್ತ, ಮೇಲೆ ಉಗುಳನ್ನೂ ಒರೆಸಿಕೊಳ್ಳುತ್ತ ನಿಲ್ಲುವ ಹೆಂಗಸಿಗೆ ಕೊಡುವುದು ಆ ದೇಶದ ಕನಿಷ್ಠ ಕೂಲಿಗಿಂತ ಹೆಚ್ಚೇನೂ ಅಲ್ಲ.

ಅವಳು ಹೀಗೆ ಒಬ್ಬಂಟಿಯಾದದ್ದು ಹೇಗೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಿಂದೆ ಎಲ್ಲ ದೇಶಗಳಲ್ಲಿಯೂ ಅಂಗಡಿಯೆಂದರೆ ನಮ್ಮ ಪೇಟೆಯ ಕಿರಾಣಿ ಅಂಗಡಿಯಂತೆಯೇ ಇತ್ತು. ಮಾಲು ಒಳಗೆ, ಗಿರಾಕಿ ಹೊರಗೆ, ನಡುವೆ ತೂಕ ಮಾಡುವವನು. 1916ರಲ್ಲಿ ಅಮೇರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ನಡುವೆ ನಿಂತ ಆ ಮನುಷ್ಯನನ್ನು ತೆಗೆದುಹಾಕಿದ. ಗಿರಾಕಿಯೇ ಒಳಗೆ ನಡೆದು, ತಾನೇ ಎತ್ತಿಕೊಂಡು, ಬಾಗಿಲ ಬಳಿ ಹಣ ಕೊಡತಕ್ಕದ್ದು. ಆಳುಗಳ ಸಂಬಳ ಉಳಿಯಿತು. ಉಳಿದದ್ದರಲ್ಲಿ ಸ್ವಲ್ಪವನ್ನು ಬೆಲೆಯಲ್ಲಿ ಇಳಿಸಿ ಪಕ್ಕದ ಅಂಗಡಿಗಳನ್ನು ಹಿಮ್ಮೆಟ್ಟಿಸಲೂ ಆಯಿತು. ಇಂಗ್ಲಂಡಿಗೆ ಈ ಪದ್ಧತಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಬಂದು, ಆಮೇಲೆ ಎಲ್ಲೆಡೆ ಹಬ್ಬಿತು. ಕೈಗೆ ಸಿಗುವಂತೆ ಮಾಲನ್ನಿಟ್ಟರೆ ಸ್ವಲ್ಪ ಕಳುವಾಗುತ್ತದೆಂಬುದು ಧಣಿಗಳಿಗೆ ಮೊದಲ ದಿನದಿಂದಲೇ ಗೊತ್ತು. ಕಳುವಾಗುವುದಕ್ಕಿಂತ ಉಳಿಯುವ ಸಂಬಳ ಹೆಚ್ಚೆಂದು ಲೆಕ್ಕ ಹಾಕಿಯೇ ಇಟ್ಟರು. ನಮ್ಮ ಕಾಲದಲ್ಲಿ ಬಾಗಿಲ ಬಳಿ ಉಳಿದಿದ್ದ ಒಬ್ಬಳನ್ನೂ ಎಬ್ಬಿಸಿ ಅಲ್ಲಿ ಯಂತ್ರವಿಟ್ಟರು. ಆರು ಯಂತ್ರಕ್ಕೆ ಒಬ್ಬಳು ಕಾವಲು. ಹೀಗೆ ಮನುಷ್ಯರನ್ನು ಒಬ್ಬೊಬ್ಬರಾಗಿ ಹೊರಗೆ ಹಾಕಿದವರು ಈಗ “ಅಯ್ಯೋ, ನೋಡುವವರಿಲ್ಲ, ಹೊತ್ತೊಯ್ಯುತ್ತಿದ್ದಾರೆ” ಎಂದು ಬೊಬ್ಬೆಯಿಡುತ್ತಾರೆ.

ಬೊಬ್ಬೆಯಲ್ಲಿ ಎಷ್ಟು ನಿಜ, ಎಷ್ಟು ಬಣ್ಣ? ಅಮೇರಿಕದಲ್ಲಿ ಕೆಲವು ವರ್ಷ ಪತ್ರಿಕೆಗಳ ತುಂಬ ಇದೇ ಮಾತಾಗಿತ್ತು. ಸಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಕಳವಿನಿಂದಾಗಿಯೇ ಅಂಗಡಿಗಳನ್ನು ಮುಚ್ಚುತ್ತಿದ್ದೇವೆಂದು ವಾಲ್‌ಗ್ರೀನ್ಸ್ ಕಂಪನಿ 2021ರಲ್ಲಿ ಸಾರಿತು. 2023ರ ಜನವರಿಯಲ್ಲಿ ಅದೇ ಕಂಪನಿಯ ಹಣಕಾಸಿನ ಮುಖ್ಯಸ್ಥನೇ, ಹಿಂದಿನ ವರ್ಷ ತಾವು ಅಗತ್ಯಕ್ಕಿಂತ ಹೆಚ್ಚು ಗೋಳಾಡಿದೆವೇನೋ ಎಂದು ಒಪ್ಪಿಕೊಂಡ. ಅಲ್ಲಿನ ವರ್ತಕರ ದೊಡ್ಡ ಸಂಘವೊಂದು, ದೇಶದ ಅಂಗಡಿಗಳಲ್ಲಿ ಕಾಣೆಯಾದ ಮಾಲಿನಲ್ಲಿ ಸುಮಾರು ಅರ್ಧ ಸಂಘಟಿತ ಕಳ್ಳರ ಕೈವಾಡವೆಂದು ವರದಿ ಹೊರಡಿಸಿ, 2023ರ ಡಿಸೆಂಬರಿನಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಕಾಣೆಯಾದ ಮಾಲೆಲ್ಲ ಕಳುವಾದದ್ದಲ್ಲ ಎಂಬುದನ್ನು ನಮ್ಮ ವ್ಯಾಪಾರಿ ಮಿತ್ರರಿಗೆ ನಾವು ಹೇಳಬೇಕಾಗಿಲ್ಲ. ಒಡೆದದ್ದು, ಕೊಳೆತದ್ದು, ತಪ್ಪು ಎಣಿಸಿದ್ದು, ಗೋದಾಮಿನಿಂದ ಬರದೇ ಇದ್ದದ್ದು, ಮೇಲಿನ ಅಧಿಕಾರಿಯೇ ಕೈಯಾಡಿಸಿದ್ದು, ಎಲ್ಲ ಅದೇ ಖಾತೆಗೆ ಬೀಳುತ್ತದೆ. ಇಷ್ಟರೊಳಗೆ ಜನರ ಕೋಪ ಕಾದು ಕೆಂಪಾಗಿತ್ತು. ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2014ರಲ್ಲಿ ಜನರೇ ಮತ ಕೊಟ್ಟು 950 ಡಾಲರಿನವರೆಗಿನ ಕಳವನ್ನು ಚಿಕ್ಕ ಅಪರಾಧವೆಂದು ಮಾಡಿದ್ದರು. 2024ರ ನವೆಂಬರಿನಲ್ಲಿ ಅದೇ ಜನ ಮತ ಕೊಟ್ಟು, ಮತ್ತೆ ಮತ್ತೆ ಕದಿಯುವವರಿಗೆ ಶಿಕ್ಷೆಯನ್ನು ಬಿಗಿ ಮಾಡಿದರು.

ಅಂಗಡಿಗಳು ಮಾಡಿಕೊಂಡ ಉಪಾಯಗಳಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಇವೆ. ಅಮೇರಿಕದಲ್ಲಿ ಹಲ್ಲುಜ್ಜುವ ಪೇಸ್ಟು, ಸಾಬೂನುಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಗಿರಾಕಿ ಗುಂಡಿಯೊತ್ತಿ ಆಳು ಬರುವವರೆಗೆ ಕಾಯಬೇಕು. ಆಳುಗಳನ್ನು ಕಡಿಮೆ ಮಾಡಿರುವುದರಿಂದ ಬಹಳ ಹೊತ್ತು ಕಾಯಬೇಕು. ಬೇಸತ್ತವನು ಬೇರೆ ಕಡೆ ಹೋದ. ಬೀಗ ಹಾಕಿದರೆ ವ್ಯಾಪಾರವೇ ಕುಗ್ಗುತ್ತದೆಂದು ವಾಲ್‌ಗ್ರೀನ್ಸ್ ಮುಖ್ಯಸ್ಥ 2025ರಲ್ಲಿ ಬಾಯಿಬಿಟ್ಟು ಹೇಳಿದ. ಇಂಗ್ಲಂಡಿನ ಕೆಲವು ಅಂಗಡಿಗಳಲ್ಲಿ ರಸೀದಿ ತೋರಿಸದಿದ್ದರೆ ಹೊರಬಾಗಿಲೇ ತೆರೆಯದು. ಎಲ್ಲಕ್ಕಿಂತ ಕೆಟ್ಟದ್ದು ಮುಖ ಗುರುತಿಸುವ ಕ್ಯಾಮರಾ. ಅಮೇರಿಕದ ರೈಟ್ ಏಡ್ ಎಂಬ ಔಷಧದ ಅಂಗಡಿಗಳು ಅದನ್ನು ವರ್ಷಾನುಗಟ್ಟಲೆ ಗುಟ್ಟಾಗಿ ನಡೆಸಿ, ಯಾವ ತಪ್ಪನ್ನೂ ಮಾಡದ ಗಿರಾಕಿಗಳನ್ನು ಕಳ್ಳರೆಂದು ತಡೆದು ಅವಮಾನ ಮಾಡಿದವು. ಕರಿಯರು, ಏಷ್ಯದವರು ಹೆಚ್ಚಾಗಿರುವ ಕೇರಿಗಳಲ್ಲಿ ಆ ತಪ್ಪು ಹೆಚ್ಚಾಗಿತ್ತು. 2023ರ ಡಿಸೆಂಬರಿನಲ್ಲಿ ಅಲ್ಲಿನ ಸರಕಾರದ ವ್ಯಾಪಾರ ಆಯೋಗ ಐದು ವರ್ಷ ಅದನ್ನು ಮುಟ್ಟಕೂಡದೆಂದು ಆ ಕಂಪನಿಗೆ ತಾಕೀತು ಮಾಡಿತು.

ಈ ಲೇಖಕನು ಮಾಸ್ತರನಾಗಿದ್ದಾಗ ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗನ ಪೆನ್ನು ಕಾಣೆಯಾಯಿತು. ಬುದ್ಧಿಯಿಲ್ಲದೆ ಎಲ್ಲರ ಚೀಲಗಳನ್ನೂ ಬಿಚ್ಚಿಸಿದೆ. ಪೆನ್ನು ಸಿಗಲಿಲ್ಲ. ಒಬ್ಬ ಹುಡುಗನ ಚೀಲದಲ್ಲಿ ಮಧ್ಯಾಹ್ನದ ಬಿಸಿಯೂಟದಿಂದ ತಂಗಿಗೆಂದು ಕಾಗದದಲ್ಲಿ ಕಟ್ಟಿಟ್ಟುಕೊಂಡ ಅನ್ನ ಸಿಕ್ಕಿತು. ಅವನು ಮರುದಿನದಿಂದ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಪೆನ್ನು ಕಳೆದುಕೊಂಡವನ ಮನೆಯಲ್ಲಿಯೇ ಇತ್ತಂತೆ.

ಗಿರಾಕಿಗಳನ್ನೇ ಬೇಹಿನವರನ್ನಾಗಿ ಮಾಡುವ ಉಪಾಯವೂ ಬಂದಿದೆ. ಕಳ್ಳನನ್ನು ತೋರಿಸಿಕೊಟ್ಟ ಗಿರಾಕಿಗೆ 1 ಪೌಂಡು ಇನಾಮು ಎಂದು ಐಸ್‌ಲ್ಯಾಂಡ್ ಎಂಬ ಅಂಗಡಿಗಳ ಕಂಪನಿ 2025ರ ಆಗಸ್ಟಿನಲ್ಲಿ ಇಂಗ್ಲಂಡಿನಲ್ಲಿ ಸಾರಿತು. ಎರಡು ಗಂಟೆಗೆ ಇನ್ನೊಬ್ಬ ಆಳನ್ನಿಟ್ಟರೆ ಆಗುವ ಖರ್ಚನ್ನು ಒಂದು ಪೌಂಡಿನಲ್ಲಿ ಮುಗಿಸುವ ಜಾಣತನ!

ಅಲ್ಲಿನ ಅಂಗಡಿ ಕೆಲಸಗಾರರ ಯೂನಿಯನ್ನಾದ ಉಸ್ಡಾ ಬಹುಕಾಲದಿಂದ ಹಿಡಿದ ದಾರಿಯೇ ಬೇರೆ. (ಹೆಸರು ಕೇಳಿ ಅದೇ ಬಗೆಯ ಹೆಸರಿನ ಅಂಗಡಿ ಕಂಪನಿಯೊಡನೆ ಗೊಂದಲ ಮಾಡಿಕೊಳ್ಳಬಾರದು, ಇದು ಅಂಗಡಿ, ವಿತರಣೆ ಮತ್ತು ಸಂಬಂಧಪಟ್ಟ ಕೆಲಸಗಾರರ ಯೂನಿಯನ್.) ಹೆದರಿಕೆಯಿಲ್ಲದೆ ದುಡಿಯುವುದು ಕೆಲಸಗಾರನ ಹಕ್ಕು ಎಂಬುದು ಅದರ ಚಳವಳಿ. ಅದರ ಒತ್ತಾಯದಿಂದ ಸ್ಕಾಟ್ಲೆಂಡಿನಲ್ಲಿ 2021ರಲ್ಲಿ ಅಂಗಡಿ ಕೆಲಸಗಾರರ ಮೇಲಿನ ಹಲ್ಲೆ, ಬೆದರಿಕೆಗಳಿಗೆಂದೇ ಪ್ರತ್ಯೇಕ ಕಾಯಿದೆ ಬಂತು. ಇಂಗ್ಲಂಡಿನಲ್ಲಿ 2025ರ ಫೆಬ್ರವರಿಯಲ್ಲಿ ಮಂಡಿಸಿದ ಮಸೂದೆಯೂ ಅಂಥದೇ ಅಪರಾಧವನ್ನು ಸೇರಿಸಿ, ಜೊತೆಗೆ ಆ 200 ಪೌಂಡಿನ ನಿಯಮವನ್ನು ತೆಗೆದುಹಾಕಲು ಹೊರಟಿತು. ಇದರೊಡನೆ ಅಂಗಡಿಯಲ್ಲಿ ಸಾಕಷ್ಟು ಆಳುಗಳಿರಬೇಕು, ರಾತ್ರಿ ಪಾಳಿಯಲ್ಲಿ ಒಬ್ಬರನ್ನೇ ಬಿಡಕೂಡದು ಎಂಬುದನ್ನೂ ಕಾಯಿದೆಯೇ ಹೇಳಬೇಕೆಂದು ನಮ್ಮ ಅಭಿಪ್ರಾಯ. ಇದು ಆಗದ ಮಾತೂ ಅಲ್ಲ. ಇಂಗ್ಲಂಡಿನ ಉತ್ತರದ ಬೂತ್ಸ್ ಎಂಬ ಅಂಗಡಿಗಳವರು 2023ರಲ್ಲಿ ತಮ್ಮ ಹೆಚ್ಚಿನ ಅಂಗಡಿಗಳಿಂದ ಬಿಲ್ಲು ಯಂತ್ರಗಳನ್ನು ಕಿತ್ತು ಮನುಷ್ಯರನ್ನು ತಿರುಗಿ ಕೂರಿಸಿದರು. ಗಿರಾಕಿಗಳಿಗೆ ಮನುಷ್ಯರೇ ಬೇಕಾಗಿದ್ದರಂತೆ.

ಈಗ ನಮ್ಮ ಊರಿನ ಮಾತು. ಸೂಪರ್ ಮಾರ್ಕೆಟ್ ನಮ್ಮಲ್ಲಿಯೂ ಬಂದಿದೆ. ಮಿಲ್ಲಿನ ಪಾಳಿ ಮುಗಿಸಿದವರು ಸಂಬಳದ ದಿನ ಅಲ್ಲಿ ತಳ್ಳುಗಾಡಿ ಹಿಡಿದು ನಿಂತದ್ದನ್ನು ನಾವು ಕಂಡಿದ್ದೇವೆ. ಅಂಥ ಒಂದು ಅಂಗಡಿಯಲ್ಲಿ ಬಿಲ್ಲು ಹಾಕುವ ಹುಡುಗಿ, ನಮ್ಮ ಯೂನಿಯನ್ನಿನ ಸದಸ್ಯರೊಬ್ಬರ ಮಗಳು, ಹೋದ ತಿಂಗಳ ಸಂಬಳದ ಚೀಟಿ ತಂದು ತೋರಿಸಿದಳು. ತಿಂಗಳ ಕೊನೆಯ ಎಣಿಕೆಯಲ್ಲಿ ಕಡಿಮೆ ಬಂದ ಮಾಲಿನ ಬೆಲೆಯನ್ನು ನಾಲ್ಕು ಜನರ ಮೇಲೆ ಹಂಚಿ, ಅವಳ ಪಾಲಿಗೆ 640 ರೂಪಾಯಿ ಮುರಿದುಕೊಂಡಿದ್ದರು. ಯಾರು ಕದ್ದರು, ಕದ್ದದ್ದೇ ಹೌದೋ ಎಂದು ಕೇಳಿದವರಿಲ್ಲ. 1936ರ ವೇತನ ಪಾವತಿ ಕಾಯಿದೆಯೂ, ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯೂ ಈ ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ. ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಮಾಲು ಅವನ ಅಲಕ್ಷ್ಯದಿಂದಲೇ ಹೋಗಿದ್ದರೆ ಮಾತ್ರ ಮುರಿಯಬಹುದು. ಅದಕ್ಕೂ ಮುಂಚೆ ಅವನ ಸಮಜಾಯಿಷಿ ಕೇಳಲೇಬೇಕು. ನೂರಾರು ಜನ ಓಡಾಡುವ ಅಂಗಡಿಯ ಕಪಾಟುಗಳೆಲ್ಲ ಬಿಲ್ಲು ಹಾಕುವ ಹುಡುಗಿಯ ವಶದಲ್ಲಿವೆಯೇ?

ವ್ಯಾಪಾರಿ ಬಂಧುಗಳಿಗೂ ಒಂದು ಮಾತು ಹೇಳಬೇಕು, ಅವರಿಗೆ ರುಚಿಸದಿದ್ದರೂ ಸರಿ. ಪೇಟೆಯಲ್ಲಿ ಸಾಬೂನೋ ಎಣ್ಣೆಯ ಪಾಕೀಟೋ ಎತ್ತಿಕೊಂಡ ಹೆಂಗಸು ಸಿಕ್ಕರೆ ಕಂಬದ ಬಳಿ ಕೂರಿಸಿ, ಹೋಗುವವರು ಬರುವವರೆಲ್ಲ ಒಂದೊಂದು ಏಟು ಹಾಕಿ, ಮೊಬೈಲಿನಲ್ಲಿ ಚಿತ್ರ ಹಿಡಿದು ಊರಿಗೆಲ್ಲ ಹಂಚುವುದು ನಡೆದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ ಪ್ರಕಾರ, 5,000 ರೂಪಾಯಿಗಿಂತ ಕಡಿಮೆಯ ಕಳವು ಮಾಡಿ ಮೊದಲ ಸಲ ಶಿಕ್ಷೆಗೆ ಗುರಿಯಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಿಗುವ ಶಿಕ್ಷೆ ಸಮುದಾಯ ಸೇವೆ. ಹೊಡೆಯುವ ಅಧಿಕಾರವನ್ನು ಯಾವ ಕಾಯಿದೆಯೂ ಗಲ್ಲೆಯ ಮೇಲೆ ಕೂತವನಿಗೆ ಕೊಟ್ಟಿಲ್ಲ. ಮಾಲು ತೆಗೆದುಕೊಳ್ಳಿ, ಠಾಣೆಗೆ ತಿಳಿಸಿ. ಉದ್ರಿ ಪುಸ್ತಕದಲ್ಲಿ ಹೆಸರಿದ್ದು ಕೇಳಲು ನಾಚಿ ಕದ್ದವಳೇ ಅವಳೆಂದು ನಿಮಗೇ ಆಮೇಲೆ ಗೊತ್ತಾದದ್ದೂ ಉಂಟಲ್ಲವೇ?

ಹುಡುಗಿಯ ಚೀಟಿಯ ನಕಲನ್ನು ಇಟ್ಟುಕೊಂಡಿದ್ದೇವೆ. ಕಾರ್ಮಿಕ ಇಲಾಖೆಗೆ ಕೊಡಲು ಒಂದು ಚೀಟಿ ಸಾಲದು. ಊರಿನ ದೊಡ್ಡ ಅಂಗಡಿಗಳಲ್ಲಿ ದುಡಿಯುವವರು ಯಾರೇ ಆಗಲಿ, ಎಣಿಕೆಯ ಕೊರತೆಯೆಂದು ಸಂಬಳ ಮುರಿದಿದ್ದರೆ ಭಾನುವಾರ ಬೆಳಿಗ್ಗೆ ಪಕ್ಷದ ಕಚೇರಿಗೆ ಚೀಟಿ ತರಲಿ. ಹೆಸರನ್ನು ಹೊರಗೆ ಬಿಡುವುದಿಲ್ಲ.