ಸೆರೆಮನೆಯನ್ನು ಬಿಟ್ಟ ಚರಿತ್ರೆಗಳು

ನಮ್ಮಲ್ಲಿ ‘ಜೀವನ ಮತ್ತು ಸಾಧನೆ’ ಎಂಬ ಒಂದು ಸಾಹಿತ್ಯಪ್ರಕಾರವೇ ಬೆಳೆದುಬಂದಿದೆ. ಹುಟ್ಟಿದ ಊರು, ಕಲಿತ ಶಾಲೆ, ಬರೆದ ಗ್ರಂಥ, ಪಡೆದ ಪದಕ, ತೀರಿಕೊಂಡ ವರ್ಷ. ಇಷ್ಟಾದರೆ ಒಬ್ಬ ಮಹಾಪುರುಷ ಸಿದ್ಧ. ರಷ್ಯದವರ ವಿಷಯದಲ್ಲಂತೂ ಈ ಅಚ್ಚು ಬಲು ಗಟ್ಟಿ. ಮಾಸ್ಕೋದಲ್ಲಿ ಮುದ್ರಣವಾಗಿ ಅಗ್ಗದ ಬೆಲೆಗೆ ಬರುತ್ತಿದ್ದ ಕನ್ನಡ ಪುಸ್ತಕಗಳ ಉಪಕಾರ ಮರೆಯತಕ್ಕದ್ದಲ್ಲ. ಆದರೆ ತನ್ನ ಸೆರೆಮನೆಯ ಸಂಗತಿಯನ್ನು ತಾನೇ ಅಚ್ಚುಹಾಕಿಸಿ ಕಳುಹಿಸುವ ಸರ್ಕಾರ ಎಲ್ಲಿಯಾದರೂ ಉಂಟೆ? 1991ರಲ್ಲಿ ಆ ಸರ್ಕಾರವೇ ಇಲ್ಲವಾಯಿತು. ಅದು ಕಲಿಸಿದ ಮೌನವನ್ನು ನಾವು ಮಾತ್ರ ಏಕೆ ಕಾಪಾಡಿಕೊಂಡು ಬರಬೇಕು?

ಸಾಹಿತಿಗಳ ಮಟ್ಟಿಗೆ ಹಾನಿ ಕಡಿಮೆ. ನಮ್ಮ ನಿಡಘಟ್ಟಕ್ಕೆ ನೆರೆಯ ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯಲ್ಲಿ ಹುಟ್ಟಿದ ದೇಜಗೌ ಅವರು ಟಾಲ್‌ಸ್ಟಾಯ್‌ನ ‘ಪುನರುತ್ಥಾನ’ವನ್ನು ಕನ್ನಡಕ್ಕೆ ತಂದರು. ಅದನ್ನು ಓದಿದವನಿಗೆ ಸೈಬೀರಿಯಕ್ಕೆ ನಡೆಯುವ ಕೈದಿಗಳ ಸಾಲನ್ನು ಯಾರೂ ಮರೆಮಾಡಲಾರರು. ವಿಜ್ಞಾನಿಗೆ ಆ ಭಾಗ್ಯವಿಲ್ಲ. ಅವನ ಪರವಾಗಿ ಮಾತನಾಡಲು ಕಾದಂಬರಿ ಇಲ್ಲ. ಇರುವುದು ಚರಿತ್ರಕಾರನ ನಾಲ್ಕು ಸಾಲು.

ನಿಕೊಲಾಯ್ ವಾವಿಲೋವ್‌ನನ್ನೇ ನೋಡಿ. ನಮ್ಮ ವಿದ್ಯಾರ್ಥಿಗಳು ಓದುವ ಕೈಪಿಡಿಯೊಂದರಲ್ಲಿ ಅವನು ‘ಸಸ್ಯವಿಜ್ಞಾನಿ, ಜನನ 1887, ಮರಣ 1943’. ಬೆಳೆಯೊಂದರ ಮೂಲ ನೆಲ ಯಾವುದೋ ಅಲ್ಲಿಯೇ ಅದರ ವೈವಿಧ್ಯದ ಭಂಡಾರವಿರುತ್ತದೆ ಎಂದು ನಂಬಿ, 1927ರಲ್ಲಿ ಇಥಿಯೋಪಿಯದವರೆಗೂ ಬೀಜ ಹುಡುಕಿ ಹೋದ ಮನುಷ್ಯ ಅವನು. ಈ ಮಾತಿನ ಬೆಲೆ ಮಂಡ್ಯದವರಿಗೆ ಗೊತ್ತಿರಬೇಕು. ಇಲ್ಲಿನ ವಿ. ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿಯೇ ‘ಇಂಡಾಫ್’ ತಳಿಗಳನ್ನು ತೆಗೆದರು. ರಾಗಿಯ ಮೂಲ ನೆಲವೂ ಆಫ್ರಿಕವೇ.

ವಾವಿಲೋವ್ ಸೋವಿಯತ್ ಸರ್ಕಾರದ ಶತ್ರುವಾಗಿರಲಿಲ್ಲ. 1926ರಲ್ಲಿ ಲೆನಿನ್ ಪಾರಿತೋಷಕ ಪಡೆದವನು. ಆದರೆ ಆನುವಂಶಿಕತೆಯ ಶಾಸ್ತ್ರವನ್ನೇ ಅಲ್ಲಗಳೆದು ಸ್ಟಾಲಿನ್ನನ ಕೃಪೆ ಸಂಪಾದಿಸಿದ ಲೈಸೆಂಕೊವಿನ ಮುಂದೆ ಅವನು ತಲೆಬಾಗಲಿಲ್ಲ. 1940ರ ಆಗಸ್ಟಿನಲ್ಲಿ ಹಿಡಿದರು. ಮರುವರ್ಷ ಮರಣದಂಡನೆ ವಿಧಿಸಿ, ಆಮೇಲೆ ಇಪ್ಪತ್ತು ವರ್ಷದ ಸೆರೆಗೆ ಇಳಿಸಿದರು. 1943ರ ಜನವರಿ 26ರಂದು, ಹಿಂದೆ ತಾನೇ ಪ್ರಾಧ್ಯಾಪಕನಾಗಿದ್ದ ಸರಾಟೋವ್ ನಗರದ ಸೆರೆಮನೆಯಲ್ಲಿ, ಹೊಟ್ಟೆಗಿಲ್ಲದೆ ಸತ್ತ. ಜಗತ್ತಿನ ಹಸಿವೆಗಾಗಿ ಬೀಜ ಕೂಡಿಟ್ಟವನು! ಇತ್ತ ಮುತ್ತಿಗೆಗೆ ಸಿಕ್ಕಿದ ಲೆನಿನ್‌ಗ್ರಾಡಿನಲ್ಲಿ ಅವನ ಸಂಸ್ಥೆಯವರು ಆ ಬೀಜಗಳನ್ನು ಕಾದು ಕುಳಿತಿದ್ದರು. ಬತ್ತದ ತಳಿಗಳನ್ನು ನೋಡಿಕೊಳ್ಳುತ್ತಿದ್ದ ಡಿಮಿಟ್ರಿ ಇವಾನೋವ್ ಬತ್ತದ ಪೊಟ್ಟಣಗಳ ನಡುವೆಯೇ ಹಸಿವಿನಿಂದ ಪ್ರಾಣಬಿಟ್ಟ.

‘ಎಳೆಯರಿಗೆ ಆದರ್ಶ ಸಾಕು, ಈ ಕಹಿ ಏತಕ್ಕೆ?’ ಎನ್ನುವ ಹಿರಿಯರಿದ್ದಾರೆ. ಬತ್ತ ಬೆಳೆಯುವ ಮನೆಯ ಹುಡುಗನಿಗೆ ಇವಾನೋವನಿಗಿಂತ ದೊಡ್ಡ ಆದರ್ಶವನ್ನು ಅವರು ಎಲ್ಲಿಂದ ತರುತ್ತಾರೆ? ಇನ್ನು ಕೆಲವರಿಗೆ ವಾವಿಲೋವ್ ನೆನಪಾಗುವುದು ಎಡಪಂಥೀಯರಿಗೆ ಬಡಿಯಲು ಬಡಿಗೆ ಬೇಕಾದಾಗ ಮಾತ್ರ; ಅವನ ಬೀಜಗಳ ಗೊಡವೆ ಅವರಿಗೂ ಬೇಡ.

ವಾವಿಲೋವ್ ನಿರಪರಾಧಿಯೆಂದು ರಷ್ಯದ ನ್ಯಾಯಾಲಯವೇ 1955ರಲ್ಲಿ ಸಾರಿತು. ಕೈಪಿಡಿಯ ಕರ್ತೃಗಳು ಇನ್ನೂ ಯಾರ ಅಪ್ಪಣೆಗೆ ಕಾದಿದ್ದಾರೆ? ‘ಮರಣ 1943’ ಎಂಬುದರ ಮುಂದೆ ‘ಸರಾಟೋವ್ ಸೆರೆಮನೆಯಲ್ಲಿ’ ಎಂದು ಸೇರಿಸಲು ಅರ್ಧ ಸಾಲಿನ ಸ್ಥಳ ಸಾಕು.