‘ಅನುವಾದ ಬೇಡ’ ಅನ್ನೋ ಮುಂಚೆ ರೋಮ್ ಕಡೆ ಒಮ್ಮೆ ನೋಡಿ

ಈ ಸಲದ ಸಂಚಿಕೆಗೆ ಬರಹ ಕೇಳಿ ಗ್ರೂಪಿಗೆ ಹಾಕಿದ್ದ ಮೆಸೇಜ್ ನಿಮಗೂ ಬಂದಿರುತ್ತೆ. ಕಥೆ, ಕವನ, ಲೇಖನ ಯಾವುದಾದರೂ ಸರಿ ಅಂತ ಹೇಳಿ ಕೊನೆಗೊಂದು ಸಾಲು: ‘ಸ್ವಂತ ಬರಹ ಮಾತ್ರ, ಅನುವಾದ ಬೇಡ.’ ಆ ಸಾಲಿನ ಮೇಲೆ ನಾವು ನಾಲ್ಕೈದು ಜನ ಮೀಟಿಂಗಿನಲ್ಲಿ ಜಗಳ ಆಡಿ ಸೋತಿದ್ದೇವೆ. ಸೋತವರಿಗೆ ಉಳಿಯೋ ದಾರಿ ಬರೆಯೋದೊಂದೇ.

ಜಗಳ ಶುರುವಾಗಿದ್ದು ಒಬ್ಬ ಜೂನಿಯರ್‌ನಿಂದ. ಕನ್ನಡ ಮೀಡಿಯಂನಿಂದ ಬಂದ ಹುಡುಗ. ಥರ್ಮೊಡೈನಮಿಕ್ಸ್‌ನ ಎರಡನೇ ನಿಯಮದ ಪಾಠವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಕೊಟ್ಟಿದ್ದ. ಎಂಟ್ರೊಪಿಗೆ ಏನು ಬರೆಯೋದು ಅಂತ ತೋಚದೆ ಮೂರು ಕಡೆ ಮೂರು ಪದ ಹಾಕಿದ್ದ. ‘ಇದರಲ್ಲಿ ನಿನ್ನದು ಏನಿದೆ?’ ಅಂತ ಕೇಳಿ ವಾಪಸ್ ಕೊಟ್ಟಾಯ್ತು. ನಾವು ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ನೆನಪಿಸಿದೆವು. ‘ಅವರು ಬಿ.ಎಂ.ಶ್ರೀ, ನಾವು ಯಾರು?’ ಅಂತ ಉತ್ತರ ಬಂತು. ಸರಿ, ಹಾಗಾದ್ರೆ ದೊಡ್ಡ ಕವಿ ಅಂತ ಯಾರೂ ಒಪ್ಪದ ಒಬ್ಬ ಮೇಷ್ಟ್ರ ಕಥೆ ಹೇಳ್ತೀವಿ.

ಕ್ರಿ.ಪೂ. 3ನೇ ಶತಮಾನದ ರೋಮ್. ಸಿವಿಲ್‌ನವರು ಖುಷಿಪಡಬಹುದು, ಅಷ್ಟು ಹೊತ್ತಿಗೆ ರೋಮನ್ನರು ರಸ್ತೆ ಹಾಕಿದ್ದರು, ಊರಿಗೆ ನೀರಿನ ಕಾಲುವೆ ತಂದಿದ್ದರು. ಅಪ್ಪಿಯನ್ ರಸ್ತೆ ಶುರುವಾಗಿದ್ದೇ ಕ್ರಿ.ಪೂ. 312ರಲ್ಲಿ. ಬರೆದಿಟ್ಟ ಕಾನೂನು ಇತ್ತು, ದೇವರ ಹಾಡುಗಳಿದ್ದವು. ಆದರೆ ಲ್ಯಾಟಿನ್ನಿನಲ್ಲಿ ಓದಲಿಕ್ಕೆ ಅಂತ ಬರೆದ ಒಂದು ಮಹಾಕಾವ್ಯ, ಆಡಲಿಕ್ಕೆ ಅಂತ ಬರೆದ ಒಂದು ನಾಟಕ ಇರಲಿಲ್ಲ. ಕಾರ್ತೇಜ್ ಜೊತೆಗಿನ ಮೊದಲ ಯುದ್ಧ ಕ್ರಿ.ಪೂ. 241ರಲ್ಲಿ ಮುಗಿಯಿತು. ಗ್ರೀಕ್ ಮಾತಾಡುವ ಸಿಸಿಲಿಯಲ್ಲಿ ವರ್ಷಗಟ್ಟಲೆ ಇದ್ದ ಸೈನಿಕರು ಅಲ್ಲಿನ ರಂಗಮಂದಿರಗಳನ್ನು ನೋಡಿ ಬಂದಿದ್ದರು. ಮರುವರ್ಷ, ಕ್ರಿ.ಪೂ. 240ರ ಹಬ್ಬದಲ್ಲಿ, ಗ್ರೀಕ್ ಮಾದರಿಯ ನಾಟಕವೊಂದು ಮೊದಲ ಸಲ ಲ್ಯಾಟಿನ್ನಿನಲ್ಲಿ ನಡೆಯಿತು. ಅದನ್ನು ಮಾಡಿಕೊಟ್ಟವನು ಲಿವಿಯಸ್ ಆಂಡ್ರೊನಿಕಸ್. ಲ್ಯಾಟಿನ್ ಸಾಹಿತ್ಯದ ಹುಟ್ಟಿದ ದಿನ ಅಂತ ಯಾವುದನ್ನಾದರೂ ಹೇಳಬೇಕಾದ್ರೆ ಎಲ್ಲರೂ ಬೊಟ್ಟು ಮಾಡೋದು ಇದನ್ನೇ.

ಈ ಮನುಷ್ಯ ರೋಮನ್ನನೇ ಅಲ್ಲ. ಟರೆಂಟಮ್ ಅನ್ನೋ ಗ್ರೀಕ್ ಊರಿನಿಂದ ಸೆರೆಯಾಳಾಗಿ ಬಂದು ಗುಲಾಮನಾಗಿದ್ದವನು, ಆಮೇಲೆ ಬಿಡುಗಡೆಯಾದವನು ಅಂತ ಹಳಬರು ಬರೆದಿದ್ದಾರೆ. ಹೊಟ್ಟೆಪಾಡಿಗೆ ಪಾಠ ಹೇಳ್ತಿದ್ದ. ಹೋಮರನ ಒಡಿಸ್ಸಿಯನ್ನೂ ಲ್ಯಾಟಿನ್ನಿಗೆ ತಂದ. ಇವತ್ತು ಅದರಲ್ಲಿ ಉಳಿದಿರೋದು ನಲವತ್ತರ ಆಸುಪಾಸಿನ ತುಂಡು ಸಾಲುಗಳು ಮಾತ್ರ. ಆದರೆ ಆ ಚೂರುಗಳಲ್ಲೇ ಅವನು ಏನು ಮಾಡಿದ ಅನ್ನೋದು ಕಾಣುತ್ತೆ. ಹೋಮರ್ ಕಾವ್ಯದ ಆರಂಭದಲ್ಲಿ ಕರೆಯೋದು ಗ್ರೀಕರ ಕಲಾದೇವಿ ಮ್ಯೂಸ್‌ಳನ್ನು. ಲಿವಿಯಸ್ ಆ ಹೆಸರನ್ನು ಹಾಗೇ ಎತ್ತಿ ಇಡಲಿಲ್ಲ. ರೋಮಿನ ಬಾಗಿಲ ಹೊರಗಿನ ಊಟೆಯ ದೇವತೆ ಕಮೀನಾಳನ್ನು ಕರೆದ. ಊರಿನವರು ನೀರು ತರೋಕೆ ಹೋಗುವ ಜಾಗದ ದೇವತೆ! ಛಂದಸ್ಸೂ ಹೋಮರನದಲ್ಲ, ಇಟಲಿಯ ಹಳೆಯ ಸ್ಯಾಟರ್ನಿಯನ್. ಇನ್ನೊಂದು ಚೂರು ನಮಗೆ ತುಂಬಾ ಇಷ್ಟ. ಹೋಮರ್ ತನ್ನ ನಾಯಕನನ್ನು ಪರಿಚಯಿಸೋ ವಿಶೇಷಣದ ಅರ್ಥ ಹೆಚ್ಚುಕಮ್ಮಿ ‘ಹಲವು ತಿರುವಿನವನು’. ಲಿವಿಯಸ್ ಅದಕ್ಕೆ ಆರಿಸಿದ ಪದ ವೆರ್ಸೂಟಸ್. ಅದು ‘ತಿರುಗಿಸು’ ಅನ್ನೋ ಧಾತುವಿನಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ‘ಅನುವಾದ ಮಾಡು’ ಅನ್ನೋದಕ್ಕೂ ಅದೇ ಧಾತು. ಅವನು ಬೇಕಂತಲೇ ಮಾಡಿದನೋ ಏನೋ, ಆದರೆ ಮೊದಲ ಸಾಲಿನಲ್ಲೇ ಅವನ ಕೆಲಸದ ರುಜು ಬಿದ್ದಿದೆ. ‘ನಿನ್ನದು ಏನಿದೆ’ ಅಂತ ಅವನನ್ನ ಕೇಳಿ ನೋಡಿ.

ಹಾಗಂತ ಮುಂದಿನವರು ಅವನನ್ನು ತಲೆ ಮೇಲೆ ಹೊತ್ತು ತಿರುಗಲಿಲ್ಲ. ಸಿಸೆರೊ ಅವನ ನಾಟಕಗಳನ್ನು ಎರಡನೇ ಸಲ ಓದಲು ಯೋಗ್ಯವಲ್ಲ ಅಂದುಬಿಟ್ಟ. ಹೊರೇಸ್ ಶಾಲೆಯಲ್ಲಿ ಬೆತ್ತದ ಮೇಷ್ಟ್ರ ಹತ್ತಿರ ಲಿವಿಯಸ್‌ನ ಪದ್ಯ ಕಲಿತದ್ದನ್ನು ನೆನೆಸಿಕೊಂಡು, ಅದನ್ನು ಜನ ಅಷ್ಟು ಹೊಗಳೋದು ಅತಿಯಾಯ್ತು ಅಂತಾನೆ. ಅದರೊಳಗೆ ಇನ್ನೊಂದು ಸಂಗತಿ ಇದೆ ನೋಡಿ: ಸುಮಾರು ಇನ್ನೂರು ವರ್ಷದ ನಂತರವೂ ಆ ಅನುವಾದ ಸಿಲೆಬಸ್‌ನಲ್ಲಿತ್ತು! ಎನ್ನಿಯಸ್ ಅಂತೂ ಸ್ಯಾಟರ್ನಿಯನ್ ಛಂದಸ್ಸನ್ನೇ ಗೇಲಿ ಮಾಡಿ, ಹೋಮರನ ಹೆಕ್ಸಾಮೀಟರ್ ಅನ್ನು ಲ್ಯಾಟಿನ್ನಿಗೆ ಒಗ್ಗಿಸಿದ. ಮುಂದೆ ವರ್ಜಿಲ್ ಬರೆದದ್ದು ಅದೇ ಛಂದಸ್ಸಿನಲ್ಲಿ. ಹಳೇ ವರ್ಷನ್ ಸರಿ ಇಲ್ಲ ಅನ್ನೋದಕ್ಕೂ ಮೊದಲು ಒಂದು ವರ್ಷನ್ ಇರಬೇಕಲ್ವಾ?

‘ಇಂಗ್ಲಿಷ್ ಎಲ್ಲರಿಗೂ ಬರುತ್ತೆ, ಮೂಲದಲ್ಲೇ ಓದಿಕೊಳ್ಳಲಿ’ ಅನ್ನೋ ಮಾತೂ ಮೀಟಿಂಗಿನಲ್ಲಿ ಬಂತು. ರೋಮಿನ ದೊಡ್ಡ ಮನೆತನದವರಿಗೂ ಗ್ರೀಕ್ ಬರ್ತಿತ್ತು. ರೋಮಿನ ಮೊದಲ ಇತಿಹಾಸಕಾರ ಫೇಬಿಯಸ್ ಪಿಕ್ಟರ್ ತನ್ನ ಊರಿನ ಚರಿತ್ರೆಯನ್ನೇ ಗ್ರೀಕಿನಲ್ಲಿ ಬರೆದ. ಅದೇ ಚಾಳಿ ಮುಂದುವರಿದಿದ್ದರೆ ಲ್ಯಾಟಿನ್ ಕಾನೂನಿಗೆ, ಸಂತೆಗೆ, ಸೈನ್ಯಕ್ಕೆ ಸಾಕಾಗಿ ಅಲ್ಲೇ ನಿಂತಿರುತ್ತಿತ್ತೇನೋ. ನಾಟಕ ನೋಡಲು ಬಂದ ಜನಕ್ಕೆ ಅವರ ಮಾತಿನಲ್ಲೇ ಕಥೆ ಬೇಕಿತ್ತು.

ಅವರಿಗೆ ಭರ್ಜರಿ ಊಟ ಬಡಿಸಿದವನು ಪ್ಲಾಟಸ್. ಇದು ಗ್ರೀಕಿನದು, ತಾನು ಅದನ್ನು ‘ಅನಾಗರಿಕ’ ಭಾಷೆಗೆ ತಂದಿದ್ದೀನಿ ಅಂತ ನಾಟಕದ ಮೊದಲಲ್ಲೇ ತಮಾಷೆಯಾಗಿ ಹೇಳಿಬಿಡ್ತಾನೆ. ಗ್ರೀಕರ ಕಣ್ಣಿಗೆ ಲ್ಯಾಟಿನ್ ಅಂಥದ್ದೇ ತಾನೇ. ಅವನ ‘ಬಕ್ಕಿಡೀಸ್’ ನಾಟಕಕ್ಕೆ ಮೂಲ ಮೆನಾಂಡರ್‌ನ ಗ್ರೀಕ್ ನಾಟಕ. ಆ ಮೂಲದ ಒಂದು ಭಾಗ ಈಜಿಪ್ಟಿನ ಆಕ್ಸಿರಿಂಕಸ್‌ನ ಪಪೈರಸ್‌ಗಳಲ್ಲಿ ಸಿಕ್ಕಿ 1968ರಲ್ಲಿ ಪ್ರಕಟವಾಯಿತು. (ಕನ್ನಡದ ಮಾತುಗಳಿವೆ ಅಂತ ನಮ್ಮ ವಿದ್ವಾಂಸರು ವಾದಿಸಿದ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಇದೇ ಊರಿನಲ್ಲಿ. ಆ ಜಗಳ ಇನ್ನೊಂದು ಸಂಚಿಕೆಗಿರಲಿ.) ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ರೆ ಪ್ಲಾಟಸ್ ಕೆಲವು ದೃಶ್ಯ ಕಿತ್ತು ಹಾಕಿದ್ದಾನೆ, ಹೆಸರು ಬದಲಿಸಿದ್ದಾನೆ. ಮೂಲದಲ್ಲಿ ಚಾಲಾಕಿ ಗುಲಾಮನ ಹೆಸರು ಸೈರಸ್. ಪ್ಲಾಟಸ್ ಅವನಿಗೆ ಚಿನ್ನದ ನೆನಪು ತರುವ ಕ್ರಿಸಾಲಸ್ ಅನ್ನೋ ಹೆಸರು ಕೊಟ್ಟ. ಅಷ್ಟಕ್ಕೇ ಬಿಡದೆ, ಚಿಲ್ಲರೆ ಕಾಸು ಹೊಡೆಯೋ ಸೈರಸ್‌ಗಳೆಲ್ಲ ತನ್ನ ಮುಂದೆ ಏನೂ ಅಲ್ಲ ಅಂತ ಅವನ ಬಾಯಲ್ಲಿ ಜಂಬ ಕೊಚ್ಚಿಸಿದ. ಮೂಲವನ್ನೇ ರಂಗದ ಮೇಲೆ ಕಾಲೆಳೆಯೋ ಅನುವಾದ ಇದು.

ಕಾಪಿ ಹೊಡೆಯೋದರ ಬಗ್ಗೆ ರೋಮನ್ನರಿಗೂ ತಲೆಬಿಸಿ ಇತ್ತು. ಕ್ರಿ.ಪೂ. 161ರಲ್ಲಿ ಟೆರೆನ್ಸ್ ‘ಯುನೂಕಸ್’ ಆಡಿಸುವಾಗ ಕಳ್ಳ ಅಂತ ಆರೋಪ ಬಂತು. ಗ್ರೀಕಿನಿಂದ ತೆಗೆದುಕೊಂಡಿದ್ದಕ್ಕಲ್ಲ. ಮುಂಚೆಯೇ ಲ್ಯಾಟಿನ್ನಿಗೆ ಬಂದಿದ್ದ ನಾಟಕದಿಂದ ಪಾತ್ರ ಎತ್ತಿದ ಅಂತ! ನಾನು ಮೆನಾಂಡರ್‌ನಿಂದಲೇ ತಂದೆ, ಲ್ಯಾಟಿನ್ ನಾಟಕ ಇದ್ದದ್ದು ಗೊತ್ತೇ ಇರಲಿಲ್ಲ ಅನ್ನೋದು ಅವನ ಸಮರ್ಥನೆ. ಇನ್ನೊಬ್ಬರು ಪಟ್ಟ ಶ್ರಮವನ್ನು ಎತ್ತಿಕೊಂಡರೆ ಕಳ್ಳತನ, ತಾನೇ ಶ್ರಮಪಟ್ಟು ಬೇರೆ ಭಾಷೆಯಿಂದ ತಂದರೆ ಅಲ್ಲ. ನಮ್ಮ ಕಮಿಟಿಯ ನಿಯಮಕ್ಕಿಂತ ಇದು ಚೆನ್ನಾಗಿದೆ ಅಂತ ನಮಗನಿಸುತ್ತೆ.

ಇನ್ನು ಎಂಟ್ರೊಪಿಯ ವಿಷಯ. ಕಟ್ಟಡ, ಯಂತ್ರ, ನೀರಿನ ಬಗ್ಗೆ ಹತ್ತು ಸಂಪುಟ ಬರೆದ ವಿಟ್ರೂವಿಯಸ್, ರಂಗಮಂದಿರದ ಧ್ವನಿಯನ್ನು ವಿವರಿಸೋ ಹೊತ್ತಿಗೆ ಸಂಗೀತದ ಮಾತು ಬಂದಾಗ, ಕೆಲವಕ್ಕೆ ಲ್ಯಾಟಿನ್ನಿನಲ್ಲಿ ಹೆಸರೇ ಇಲ್ಲ, ಗ್ರೀಕ್ ಪದ ಬಳಸದೆ ವಿಧಿಯಿಲ್ಲ ಅಂತ ಒಪ್ಪಿಕೊಂಡ. ಬರೆಯೋದನ್ನ ಮಾತ್ರ ಬಿಡಲಿಲ್ಲ. ಗ್ರೀಕ್ ತತ್ವಶಾಸ್ತ್ರವನ್ನು ಲ್ಯಾಟಿನ್ನಿಗೆ ತರುವಾಗ ಸಿಸೆರೊ ಕ್ರಿ.ಪೂ. 45ರಲ್ಲಿ ಒಂದು ಗ್ರೀಕ್ ಪದಕ್ಕೆ ಕ್ವಾಲಿಟಾಸ್ ಅಂತ ಹೊಸದಾಗಿ ಕಟ್ಟಿದ. ಕೇಳಿದವರಿಗೆ ವಿಚಿತ್ರ ಅನ್ನಿಸಿರಬೇಕು. ನಾವು ವರ್ಕ್‌ಶಾಪಿನಲ್ಲಿ ದಿನಾ ‘ಕ್ವಾಲಿಟಿ’ ಅಂತೀವಲ್ಲ, ಅದೇ ಅದು.

ಕಮಿಟಿಯವರ ಒಂದು ಭಯವನ್ನು ನಾವು ಒಪ್ತೀವಿ. ಬಾಗಿಲು ತೆಗೆದರೆ ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿದ್ದನ್ನೇ ಹತ್ತು ಜನ ಕಳಿಸ್ತಾರೆ. ಅದಕ್ಕೆ ಒಂದು ಪರೀಕ್ಷೆ ಇಡಿ: ಮೂಲ ಯಾವುದು, ಯಾರದು ಅಂತ ಮೇಲೆ ಬರೆದಿರಲಿ, ಮತ್ತು ತಾನು ಕಷ್ಟಪಟ್ಟ ಐದು ಪದ ತೋರಿಸಿ, ಇದನ್ನೇ ಯಾಕೆ ಆರಿಸಿದೆ ಅಂತ ಹೇಳೋಕೆ ಬರಬೇಕು. ಆ ಜೂನಿಯರ್ ಹೇಳ್ತಾನೆ. ನಾವು ಕೇಳಿದಾಗ ಕ್ಯಾಂಟೀನಿನಲ್ಲಿ ಚಹಾ ಆರಿ ಹೋಗೋವರೆಗೂ ಹೇಳಿದ.

ಮುಂದಿನ ಸಂಚಿಕೆಯಲ್ಲಿ ಅನುವಾದಕ್ಕೆ ನಾಲ್ಕು ಪುಟ ಕೊಡಿ. ಅವನ ಪ್ರತಿ ನಮ್ಮ ಹತ್ತಿರ ಇದೆ, ಮುಂದಿನ ಮೀಟಿಂಗಿಗೆ ತರ್ತೀವಿ. ಆ ಮೂರು ಪದಗಳಲ್ಲಿ ಯಾವುದನ್ನು ಇಟ್ಟುಕೊಳ್ಳೋದು ಅಂತ ಎಲ್ಲರೂ ಕೂತು ಜಗಳ ಆಡೋಣ.