ಸೋತವರಿಗೆ ಎರಡನೇ ಪಂದ್ಯ ಬೇಕು

ಕಳೆದ ತಿಂಗಳು ನಾನು ಮೊದಲ ಬಾರಿಗೆ ಒಂದು ಜೂಡೊ ಪಂದ್ಯಾವಳಿಯಲ್ಲಿ ಆಡಿದೆ. 57 ಕೆ.ಜಿ. ಒಳಗಿನ ಮಹಿಳೆಯರ ವಿಭಾಗದಲ್ಲಿ ಇದ್ದದ್ದು ನಾಲ್ಕೇ ಜನ. ಹಾಗಾಗಿ ಪ್ರತಿಯೊಬ್ಬರೂ ಉಳಿದ ಮೂವರ ಜೊತೆ ಆಡಬೇಕಿತ್ತು. ನಾನು ಮೂರನ್ನೂ ಸೋತೆ. ಸೋಮವಾರ ಅಭ್ಯಾಸ ಶಾಲೆಗೆ ಹೋದಾಗ ಎಂಟನೇ ತರಗತಿಯ ಮಕ್ಕಳು ಕೇಳಿದ ಮೊದಲ ಪ್ರಶ್ನೆ, "ಮಿಸ್, ಕಪ್ ಬಂತಾ?" ಬರಲಿಲ್ಲ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ, "ಪರವಾಗಿಲ್ಲ ಮಿಸ್, ಸೋಲೇ ಗೆಲುವಿನ ಸೋಪಾನ" ಎಂದು ಸಮಾಧಾನ ಹೇಳಿದ. ಶಾಲೆಯ ಗೋಡೆಯ ಮೇಲೆ ಬರೆದಿರುವ ಮಾತು ಅದು.

ಆ ಮಾತನ್ನು ನಾನೀಗ ಪೂರ್ತಿ ಒಪ್ಪುವುದಿಲ್ಲ. ಸೋಲು ತಾನಾಗಿಯೇ ಏನನ್ನೂ ಕಲಿಸುವುದಿಲ್ಲ ಎಂಬುದಕ್ಕೆ ನನ್ನ ಮೊದಲ ಎರಡು ಪಂದ್ಯಗಳೇ ಸಾಕ್ಷಿ. ಮೊದಲನೆಯದು ಅರ್ಧ ನಿಮಿಷವೂ ನಡೆಯಲಿಲ್ಲ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಾದ ಪದವಿ ಕಾಲೇಜಿನ ಹುಡುಗಿ ನನ್ನನ್ನು ಹಿಂದಕ್ಕೆ ದೂಡಿ, ಕಾಲನ್ನು ಹೊರಗಿನಿಂದ ಕುಡುಗೋಲಿನಂತೆ ಎಳೆದಳು. ಬೆನ್ನು ನೆಲಕ್ಕೆ ಬಡಿಯಿತು, ಇಪ್ಪಾನ್, ಪಂದ್ಯ ಮುಗಿಯಿತು. ಎರಡನೇ ಪಂದ್ಯದಲ್ಲಿ ಎದುರಾಳಿ ಬೇರೆ, ಪಟ್ಟು ಅದೇ, ನಾನು ಬಿದ್ದ ರೀತಿಯೂ ಅದೇ. ಮೊದಲ ಸೋಲಿನಿಂದ ನಾನು ಕಲಿತಿದ್ದು ಭಯ ಮಾತ್ರ.

ಎರಡನೇ ಪಂದ್ಯದ ನಂತರ ತರಬೇತುದಾರರು ನನ್ನ ಪಕ್ಕ ಬಂದು ಕೂತರು. ಧೈರ್ಯ ತುಂಬುವ ಮಾತಿಲ್ಲ, ಬೈಗುಳವೂ ಇಲ್ಲ. "ದೂಡಿದ ಕೂಡಲೇ ನೇರ ಹಿಂದಕ್ಕೆ ಹೋಗ್ತಿದ್ದೀಯ. ಮುಂದಿನ ಸಲ ಪಕ್ಕಕ್ಕೆ ಸರಿ. ಬೇರೆ ಏನೂ ಯೋಚನೆ ಮಾಡಬೇಡ" ಎಂದರು. ಅಷ್ಟೇ. ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಪಾದಗಳ ಆಧಾರದಿಂದ ಹೊರಗೆ ಹೋದರೆ ವಸ್ತು ಉರುಳುತ್ತದೆ ಎಂದು ತರಗತಿಯಲ್ಲಿ ಚಿತ್ರ ಬರೆದು ಹೇಳಿದವಳು ನಾನು. ಆದರೆ ನೇರ ಹಿಂದೆ ಸರಿಯುವಾಗ ಆ ರೇಖೆಯನ್ನು ನಾನೇ ಹಿಮ್ಮಡಿಯ ಆಚೆಗೆ ಒಯ್ಯುತ್ತಿದ್ದೇನೆ ಎಂಬುದು ಅವರು ಹೇಳುವವರೆಗೆ ತಿಳಿದಿರಲಿಲ್ಲ. ಹತ್ತು ನಿಮಿಷದ ನಂತರ ಮೂರನೇ ಪಂದ್ಯ. ಅದರಲ್ಲೂ ಸೋತೆ. ಆದರೆ ಪೂರ್ತಿ ನಾಲ್ಕು ನಿಮಿಷ ನಿಂತು, ಒಂದೇ ಒಂದು ವಜಾ-ಅರಿ ಅಂತರದಲ್ಲಿ ಸೋತೆ. ಆ ಮೂರನೇ ಪಂದ್ಯ ಇಲ್ಲದಿದ್ದರೆ ಆ ದಿನ ನಾನು ಏನನ್ನೂ ಕಲಿಯದೆ ಮನೆಗೆ ಬರುತ್ತಿದ್ದೆ.

ಇದನ್ನು ಬೋಧನಾಭ್ಯಾಸದ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. ನಾವು ಪ್ರಶಿಕ್ಷಣಾರ್ಥಿಗಳು ಪಾಠದಲ್ಲಿ ಸೋತಾಗ ಏನಾಗುತ್ತದೆ? ನನ್ನ ಮೊದಲ ವಿಮರ್ಶಾ ಪಾಠ ಕೆಟ್ಟದಾಗಿತ್ತು. ಪ್ರಶ್ನೆ ಕೇಳಿ ಉತ್ತರವನ್ನೂ ನಾನೇ ಹೇಳುತ್ತಿದ್ದೆ. ವೀಕ್ಷಣಾ ಹಾಳೆಯಲ್ಲಿ ಎಂಟು ಟೀಕೆಗಳು ಬಂದವು. ಕಪ್ಪು ಹಲಗೆ, ಧ್ವನಿ, ಸಮಯ, ಪೀಠಿಕೆ, ಪ್ರಶ್ನೆಗಳ ಹಂಚಿಕೆ, ಎಲ್ಲವೂ ಒಟ್ಟಿಗೆ. ಒಂದೂ ಸುಳ್ಳಲ್ಲ. ಆದರೆ ಆ ಪಾಠ ಅಲ್ಲಿಗೇ ಮುಗಿಯಿತು. ಅಂಕ ದಾಖಲಾಯಿತು. ಮುಂದಿನ ಪಾಠ ಬೇರೆ ಘಟಕ, ಬೇರೆ ತರಗತಿ. ನಾನು ಪಾಠ ಯೋಜನೆಯನ್ನು ಇನ್ನಷ್ಟು ಅಂದವಾಗಿ ಬರೆದೆ, ಬಣ್ಣದ ಚಾರ್ಟ್ ಮಾಡಿದೆ, ತರಗತಿಯಲ್ಲಿ ಮತ್ತೆ ಪ್ರಶ್ನೆಗೂ ಉತ್ತರಕ್ಕೂ ನಾನೇ ನಿಂತೆ.

ವಿಚಿತ್ರವೆಂದರೆ ಇದಕ್ಕೆ ಪರಿಹಾರ ನಮ್ಮ ಪಠ್ಯದಲ್ಲೇ ಇದೆ. ಸೂಕ್ಷ್ಮ ಬೋಧನೆಯ ಚಕ್ರವನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ: ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರು ಹಿಮ್ಮಾಹಿತಿ 6, ಒಟ್ಟು 36 ನಿಮಿಷ. ಒಂದು ಸಲಕ್ಕೆ ಒಂದೇ ಕೌಶಲ. ಹೆಚ್ಚು ಸಮಯ ಮರುಯೋಜನೆಗೇ ಮೀಸಲು ಎಂಬುದನ್ನು ಗಮನಿಸಿ. ಆದರೆ ಸಹಪಾಠಿಗಳನ್ನೇ ವಿದ್ಯಾರ್ಥಿಗಳೆಂದು ಕೂರಿಸಿಕೊಂಡು ಮಾಡುವ ಆ ಅಭ್ಯಾಸ ಮುಗಿದು ನಿಜವಾದ ಮಕ್ಕಳ ಮುಂದೆ ನಿಂತ ಕೂಡಲೇ ಮರುಬೋಧನೆ ಎಂಬ ಹಂತವೇ ಮಾಯವಾಗುತ್ತದೆ. ಅದರ ಅಗತ್ಯ ಅತಿ ಹೆಚ್ಚು ಇರುವುದು ಅಲ್ಲಿಯೇ.

ಜೂಡೊ ತರಗತಿಯಲ್ಲಿ ಮೊದಲ ಕೆಲವು ವಾರ ನಮಗೆ ಯಾವ ಪಟ್ಟನ್ನೂ ಕಲಿಸಲಿಲ್ಲ. ಬೀಳುವುದನ್ನಷ್ಟೇ ಕಲಿಸಿದರು. ಗದ್ದವನ್ನು ಎದೆಗೆ ಒತ್ತಿ, ಕೈಯಿಂದ ಚಾಪೆಯನ್ನು ಬಡಿದು, ತಲೆ ತಾಗದಂತೆ ಬೀಳುವ ಈ ವಿದ್ಯೆಗೆ ಉಕೆಮಿ ಎನ್ನುತ್ತಾರೆ. ಬೀಳಲು ಹೆದರುವವರು ಮೈ ಬಿಗಿ ಹಿಡಿಯುತ್ತಾರೆ, ಬಿಗಿ ಹಿಡಿದವರಿಗೇ ಪೆಟ್ಟು ಹೆಚ್ಚು. 1882ರಲ್ಲಿ ಟೋಕಿಯೊದಲ್ಲಿ ಜೂಡೊ ಆರಂಭಿಸಿದ ಜಿಗೊರೊ ಕಾನೊ ವೃತ್ತಿಯಿಂದ ಶಿಕ್ಷಕರು. ಶಿಕ್ಷಕರನ್ನು ತಯಾರು ಮಾಡುತ್ತಿದ್ದ ಟೋಕಿಯೊ ಹೈಯರ್ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವರು. ಅಂದರೆ ನಮ್ಮ ಪ್ರಾಂಶುಪಾಲರ ಕುರ್ಚಿಯಂಥ ಕುರ್ಚಿಯಲ್ಲಿ ಕೂತವರು. ಇದನ್ನು ತಿಳಿದ ಮೇಲೆ, ಬೀಳುವ ಪಾಠ ಮೊದಲು ಬರುವುದು ನನಗೆ ಆಶ್ಚರ್ಯವೆನಿಸಲಿಲ್ಲ.

ಎರಡನೇ ಅವಕಾಶವೂ ಜೂಡೊದಲ್ಲಿ ಯಾರ ಔದಾರ್ಯವೂ ಅಲ್ಲ, ಅದು ನಿಯಮದಲ್ಲೇ ಇದೆ. ದೊಡ್ಡ ಪಂದ್ಯಾವಳಿಗಳಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಸೋತವರು ಮರಳಿ ಆಡಿ ಕಂಚಿನ ಪದಕದವರೆಗೆ ಬರಬಹುದು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಪಿಲ್ ಪರ್ಮಾರ್ ಸೆಮಿಫೈನಲ್‌ನಲ್ಲಿ ಸೋತು, ಅದೇ ದಿನ ಮತ್ತೆ ಕಣಕ್ಕಿಳಿದು ಕಂಚು ಗೆದ್ದರು. ಪ್ಯಾರಾಲಿಂಪಿಕ್ಸ್ ಜೂಡೊದಲ್ಲಿ ಭಾರತಕ್ಕೆ ಅದು ಮೊದಲ ಪದಕ.

ದೂರು ಹೇಳುವ ನಾನೂ ಮಕ್ಕಳಿಗೆ ಅದನ್ನೇ ಮಾಡಿದ್ದೆ. ಪಂದ್ಯಾವಳಿಗೆ ಮೊದಲು ಪೂರ್ಣಾಂಕಗಳ ಮೇಲೆ ಹತ್ತು ಅಂಕದ ಕಿರುಪರೀಕ್ಷೆ ಕೊಟ್ಟಿದ್ದೆ. ಗೆಲುವಿನ ಸೋಪಾನದ ಮಾತು ಹೇಳಿದ ಹುಡುಗನಿಗೇ ಮೂರು ಅಂಕ ಬಂದಿತ್ತು. "ಇನ್ನೂ ಅಭ್ಯಾಸ ಬೇಕು" ಎಂದು ಕೆಂಪು ಶಾಯಿಯಲ್ಲಿ ಬರೆದು ಮುಂದಿನ ಘಟಕಕ್ಕೆ ಹೋಗಿದ್ದೆ. ಆ ಸೋಮವಾರ ಅವನ ಹಾಳೆಯನ್ನು ಮತ್ತೆ ತೆಗೆದು ನೋಡಿದೆ. ಏಳು ತಪ್ಪುಗಳಲ್ಲಿ ಆರು ಒಂದೇ ತಪ್ಪು. −3 − 5 ಎಂದರೆ 8 ಎಂದು ಬರೆದಿದ್ದ. ಗುಣಾಕಾರದ ನಿಯಮವನ್ನು ಕೂಡುವ ಕಡೆ ತಂದು, ಎರಡು ಮೈನಸ್ ಕಂಡಲ್ಲೆಲ್ಲ ಪ್ಲಸ್ ಮಾಡಿದ್ದ. ಅವನು ಏಳು ಸಲ ಸೋತಿರಲಿಲ್ಲ. ಒಂದೇ ಕಡೆ ಜಾರಿ ಮತ್ತೆ ಮತ್ತೆ ಬಿದ್ದಿದ್ದ. ಊಟದ ವಿರಾಮದಲ್ಲಿ ಕರೆದು, ಮೂರು ರೂಪಾಯಿ ಸಾಲ ಇರುವವನು ಇನ್ನೈದು ರೂಪಾಯಿ ಸಾಲ ಮಾಡಿದರೆ ಏನಾಗುತ್ತದೆ ಎಂದಷ್ಟೇ ಕೇಳಿದೆ. ಮರುದಿನ ಅದೇ ಬಗೆಯ ಆರು ಲೆಕ್ಕ ಕೊಟ್ಟೆ. ನಾಲ್ಕು ಸರಿ ಬಂದವು. ಉಳಿದೆರಡನ್ನು ನೋಡಿ, "ಹಂಗಾದ್ರೆ ಎರಡು ಮೈನಸ್ ಯಾವಾಗ ಪ್ಲಸ್ ಆಗುತ್ತೆ ಮಿಸ್?" ಎಂದು ಕೇಳಿದ. ಇಡೀ ಬೋಧನಾಭ್ಯಾಸದಲ್ಲಿ ನನಗೆ ಬಂದ ಒಳ್ಳೆಯ ಪ್ರಶ್ನೆ ಅದು.

ಸಮಯ ಎಲ್ಲಿದೆ ಎಂದು ಕೇಳುವಿರಿ. ಅಭ್ಯಾಸ ಶಾಲೆಯವರಿಗೆ ಪಠ್ಯ ಮುಗಿಸುವ ಒತ್ತಡ, ನಮಗೆ ನಿಗದಿತ ಪಾಠಗಳನ್ನು ಮುಗಿಸುವ ಒತ್ತಡ. ಒಬ್ಬ ಮೇಲ್ವಿಚಾರಕರು ಹತ್ತಾರು ಜನರ ಪಾಠ ನೋಡಬೇಕು ಎಂಬುದೂ ನನಗೆ ಗೊತ್ತು. ಹಾಗಾಗಿ ಎಲ್ಲ ಪಾಠಗಳಿಗೂ ಮರುಬೋಧನೆ ಬೇಕೆಂದು ನಾನು ಕೇಳುತ್ತಿಲ್ಲ. ಒಂದೇ ಒಂದು ವಿಮರ್ಶಾ ಪಾಠವನ್ನು, ಒಂದು ವಾರದೊಳಗೆ, ಅದೇ ತರಗತಿಯ ಇನ್ನೊಂದು ವಿಭಾಗಕ್ಕೆ ಮತ್ತೆ ಮಾಡಲು ಬಿಡಿ. 8 'ಎ'ಯಲ್ಲಿ ಎಡವಿದವರು 8 'ಬಿ'ಯಲ್ಲಿ ನಿಲ್ಲಲಿ. ಶಾಲೆಗೆ ಹೊಸ ಅವಧಿಯ ಹೊರೆಯಿಲ್ಲ, 'ಬಿ' ವಿಭಾಗಕ್ಕೆ ಆ ಪಾಠ ಹೇಗೂ ಆಗಲೇಬೇಕು. ಒಂದೇ ವಿಭಾಗವಿರುವ ಶಾಲೆಯಲ್ಲಿ ಪಾಠದ ಕೊನೆಯ ಹತ್ತು ನಿಮಿಷದ ಭಾಗವನ್ನಷ್ಟೇ ಮರುದಿನ ಮಾಡಬಹುದು. ಮೇಲ್ವಿಚಾರಕರಿಗೆ ಬಿಡುವಿಲ್ಲದಿದ್ದರೆ ಸಹಪಾಠಿಯೊಬ್ಬರು ಕೂತು ನೋಡಲಿ. ವೀಕ್ಷಣಾ ಹಾಳೆಯಲ್ಲಿ ಎಂಟು ಟೀಕೆ ಇರಲಿ, ಆದರೆ ಒಂದರ ಕೆಳಗೆ ಗೆರೆ ಎಳೆದು "ಮುಂದಿನ ಸಲ ಇದೊಂದನ್ನೇ" ಎಂದು ಬರೆಯಿರಿ. ಅಂಕವನ್ನು ಎರಡನೇ ಪಾಠದ ನಂತರ ದಾಖಲಿಸಿ.

ಸಹಪಾಠಿಗಳಿಗೂ ಒಂದು ಮಾತು. ನಿಮ್ಮ ಕೈಯಲ್ಲಿರುವ ಕಿರುಪರೀಕ್ಷೆಯ ಹಾಳೆಗಳಲ್ಲಿ ಅತಿ ಕಡಿಮೆ ಅಂಕದ ಮೂರನ್ನು ಇಂದೇ ಮತ್ತೆ ತೆಗೆದು ನೋಡಿ. ಒಟ್ಟು ಅಂಕವನ್ನು ಬೆರಳಿನಿಂದ ಮುಚ್ಚಿ, ಆ ಮಗು ಎಲ್ಲಿ ಜಾರುತ್ತಿದೆ ಎಂಬುದನ್ನಷ್ಟೇ ಹುಡುಕಿ.

ಮುಂದಿನ ಪಂದ್ಯಾವಳಿಗೆ ಹೆಸರು ಕೊಟ್ಟಿದ್ದೇನೆ. ಈಗ ಪ್ರತಿ ಸಂಜೆ ಪಕ್ಕಕ್ಕೆ ಸರಿಯುವುದನ್ನೇ ಅಭ್ಯಾಸ ಮಾಡುತ್ತಿದ್ದೇನೆ.